ಬಾವಿ ನೀರು, ತೋಟದ ಮಣ್ಣು: ಲ್ಯಾಬಿಗೆ ಕಳಿಸುವ ಮೊದಲು

ನಮ್ಮ ಬಾವಿ ನೀರನ್ನು ಮೊದಲ ಸಲ ಕೀಟನಾಶಕದ ಪರೀಕ್ಷೆಗೆ ಕಳಿಸಿದ್ದು ಒಂದು ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ. ತೀರ್ಥಹಳ್ಳಿಯಲ್ಲಿ ಕೊರಿಯರಿಗೆ ಕೊಟ್ಟು ಬಂದೆ. ಏಪ್ರಿಲ್ ತಿಂಗಳ ಬಿಸಿಲು. ಬಾಟಲಿ ಲ್ಯಾಬ್ ಮುಟ್ಟಿದ್ದು ಆರನೇ ದಿನ. ಆಮೇಲೆ ವರದಿ ಬಂತು. ಎಲ್ಲ ಸಾಲಿನಲ್ಲೂ 'ಪತ್ತೆಯಾಗಿಲ್ಲ'. ಅಮ್ಮ ಖುಷಿಪಟ್ಟರು, ನಾನೂ ಖುಷಿಪಟ್ಟೆ. ಸಾವಿರಗಟ್ಟಲೆ ಕೊಟ್ಟು ತರಿಸಿದ ಆ ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ ಅಂತ ಗೊತ್ತಾಗಿದ್ದು ತಡವಾಗಿ.

ತಪ್ಪು ನನ್ನದೇ. ಡಿಡಿಟಿ ಥರದ ಹಳೆಯ ಕೀಟನಾಶಕಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಚೂರುಪಾರು ಇದ್ದಿದ್ದರೂ ಅದು ಬಾಟಲಿಯ ಗೋಡೆಗೇ ಮೆತ್ತಿಕೊಂಡಿರುತ್ತದೆ. ಬಿಸಿಲಿನಲ್ಲಿ ಆರು ದಿನ ಕೂತ ನೀರಿನಲ್ಲಿ ಬೇರೆ ಕೆಲವು ಒಡೆದೇ ಹೋಗಿರುತ್ತವೆ. ಎಲ್ಲಕ್ಕಿಂತ ದೊಡ್ಡ ದಡ್ಡತನ ಅಂದರೆ ಫೋನಿನಲ್ಲಿ ನಾನು ಹೇಳಿದ ಮಾತು: "ಎಲ್ಲ ಟೆಸ್ಟ್ ಮಾಡಿಬಿಡಿ ಸಾರ್." ಅಂಗಡಿಗೆ ಹೋಗಿ 'ಸಾಮಾನು ಕೊಡಿ' ಅಂದ ಹಾಗಾಯ್ತು ಅದು.

ಎರಡನೇ ಸಲ ಸರಿಯಾಗಿ ಮಾಡಿದೆ. ಹೇಗೆ ಅಂತ ಬರೆಯುತ್ತಿದ್ದೇನೆ. ಲ್ಯಾಬಿನ ಒಳಗೆ ನಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಲ್ಯಾಬಿನ ಬಾಗಿಲವರೆಗೆ ನಡೆಯುವುದೆಲ್ಲ ನಮ್ಮದೇ. ಪರೀಕ್ಷೆ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ಬಾಟಲಿ ಹುಡುಕುವ ಮೊದಲು ಜಾಗದ ಚರಿತ್ರೆ ಬರೆದುಕೊಳ್ಳಿ. ನಿಮ್ಮ ಜಮೀನಿಗೆ ಕಳೆದ ಐವತ್ತು ವರ್ಷದಲ್ಲಿ ಏನೇನು ಬಿದ್ದಿದೆ? ಮನೆಯ ಹಿರಿಯರನ್ನು ಕೇಳಿ. ಅವರಿಗೆ ಕೆಮಿಕಲ್ ಹೆಸರು ಗೊತ್ತಿರಲ್ಲ, ಆದರೆ ಡಬ್ಬಿ, ವಾಸನೆ, ಬಣ್ಣ ನೆನಪಿರುತ್ತದೆ. "ಬಿಳಿ ಪುಡಿ, ಮೂಗಿಗೆ ಹೊಡೆಯೋದು, ಗೆದ್ದಲಿಗೆ ಹಾಕ್ತಿದ್ವಿ" ಅಂದರೆ ಅದು ಬಹುಮಟ್ಟಿಗೆ ಬಿಎಚ್‌ಸಿ, ಊರ ಬಾಯಲ್ಲಿ ಗ್ಯಾಮಾಕ್ಸಿನ್. ಅದರ ಬಳಕೆ ನಮ್ಮ ದೇಶದಲ್ಲಿ ನಿಂತಿದ್ದು 1997ರಲ್ಲಿ. ಡಿಡಿಟಿಯನ್ನು ಬೇಸಾಯಕ್ಕೆ ಬಳಸಬಾರದು ಅಂತಾಗಿದ್ದು 1989ರಲ್ಲಿ. ಮಲೇರಿಯಾ ಸೊಳ್ಳೆಗೆ ಮನೆಯ ಗೋಡೆಗೆ ಹೊಡೆಯುವುದು ಅದಾದ ಮೇಲೂ ಇತ್ತು. ಎಂಡೋಸಲ್ಫಾನ್ ನಿಂತಿದ್ದು 2011ರ ಮೇ 13ರಂದು, ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ. ಶುಂಠಿ ಗದ್ದೆಗೆ ಎರಚುತ್ತಿದ್ದ ಫೋರೇಟ್ ಹರಳಿಗೆ 2020ರ ಕೊನೆಯವರೆಗೂ ಅನುಮತಿ ಇತ್ತು.

ನಿಂತು ಇಷ್ಟು ವರ್ಷ ಆಯ್ತಲ್ಲ, ಇನ್ನೂ ಇರುತ್ತಾ ಅಂತ ಕೇಳಬಹುದು. ಡಿಡಿಟಿ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಎರಡರಿಂದ ಹದಿನೈದು ವರ್ಷ ಬೇಕು. ಉಳಿದ ಅರ್ಧ ಮತ್ತೆ ಅರ್ಧ ಆಗಲು ಮತ್ತಷ್ಟು. ಒಡೆದು ಹುಟ್ಟುವ ಡಿಡಿಇ ಅಂತೂ ಇನ್ನೂ ಜಿಗುಟು. ಹೀಗೆ ಬೇಗ ಒಡೆಯದೆ ಉಳಿಯುವ ವಸ್ತುಗಳನ್ನು ತಡೆಯಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಗಿದ್ದು. ಭಾರತ ಅದನ್ನು ಒಪ್ಪಿಕೊಂಡಿದ್ದು 2006ರಲ್ಲಿ.

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳ ಬೆಳೆಯುವವರು ಹಾಳೆಯಲ್ಲಿ ಅಟ್ರಜಿನ್ ಅಂತ ಬರೆದುಕೊಳ್ಳಿ. ಕಳೆನಾಶಕ ಅದು, ನೀರಿನ ಜೊತೆ ಇಳಿದು ಬೋರ್‌ವೆಲ್ಲಿಗೆ ಸೇರುವ ಜಾಯಮಾನ ಇದೆ. ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟವರು, ಗುತ್ತಿಗೆದಾರ ಏನೇನು ಹಾಕಿದ ಅಂತ ಕೇಳಿ. ಅವನು ಹೇಳದಿದ್ದರೆ ಗದ್ದೆ ಬದುವಿನ ಮೇಲೆ ಬಿದ್ದಿರುವ ಖಾಲಿ ಪ್ಯಾಕೆಟ್ ಹೇಳುತ್ತವೆ.

ಅಡಿಕೆಯವರಿಗೆ ಇನ್ನೊಂದಿದೆ, ಬೋರ್ಡೋ. ಕೊಳೆರೋಗ ಇರುವ ತನಕ ಅದನ್ನು ಬಿಡುವ ಹಾಗಿಲ್ಲ, ಬಿಡಿ ಅಂತ ನಾನೂ ಹೇಳಲ್ಲ. ಆದರೆ ಲೆಕ್ಕ ಗೊತ್ತಿರಲಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಒಂದು ಕೆಜಿ ಮೈಲುತುತ್ತದಲ್ಲಿ ಸುಮಾರು ಕಾಲು ಕೆಜಿ ತಾಮ್ರ. ವರ್ಷಕ್ಕೆ ಎರಡು ಮೂರು ಹೊಡೆತ, ಅಜ್ಜನ ಕಾಲದಿಂದ. ತಾಮ್ರ ಲೋಹ, ಅದು ಒಡೆದು ಹೋಗುವ ಮಾತೇ ಇಲ್ಲ. ಗೊನೆಯಿಂದ ತೊಳೆದು ಬಂದಿದ್ದು ಬುಡದಲ್ಲೇ ಕೂರುತ್ತದೆ.

ಹಾಳೆ ತುಂಬಿದ ಮೇಲೆ ಜಾಗ ನೋಡಲು ಹೋಗಿ. ಹಳೆಯ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ಯಾರಾದರೂ ಇದ್ದರೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಔಷಧಿ ಕಲಸುತ್ತಿದ್ದ ಡ್ರಮ್ಮು ಕೊಟ್ಟಿಗೆ ಹತ್ತಿರ ಇತ್ತು ಅಂತ ನಾನು ಅಂದುಕೊಂಡಿದ್ದೆ. ನಮ್ಮ ಅಪ್ಪನ ಕಾಲದ ಕೊನೆಗಾರರು ನಕ್ಕರು. "ಅದು ಈಗಿಂದು ಅಯ್ಯಾ. ಆಗ ಇಡ್ತಿದ್ದುದು ಆ ಹಲಸಿನ ಮರದ ಬುಡದಲ್ಲಿ. ನೀರು ಹತ್ರ ಆಗ್ತದಲ್ಲ, ಅದಕ್ಕೆ." ಹಲಸಿನ ಮರದಿಂದ ಬಾವಿ ಹದಿನೈದು ಹೆಜ್ಜೆ. ಡ್ರಮ್ ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತಿದ್ದಿರಿ ಅಂತ ಕೇಳಿದೆ. ಅವರು ಕಾಲಿನಿಂದಲೇ ತೋರಿಸಿದರು. ಮೊದಲ ಸಲ ನಾನು ಆ ಜಾಗದ ಮಣ್ಣನ್ನು ಮುಟ್ಟಿಯೂ ಇರಲಿಲ್ಲ.

ಯಾವುದನ್ನು ಎಲ್ಲಿ ಹುಡುಕಬೇಕು

ಇದು ತಿಳಿದಿದ್ದರೆ ಅರ್ಧ ದುಡ್ಡು ಉಳಿಯುತ್ತದೆ.

ಡಿಡಿಟಿ, ಬಿಎಚ್‌ಸಿ, ಆಲ್ಡ್ರಿನ್, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುವ ಪಿಸಿಬಿ ಇವಕ್ಕೆಲ್ಲ ನೀರು ಆಗಿಬರಲ್ಲ. ಮಣ್ಣಿನ ಕಣಕ್ಕೆ, ಕೊಳೆತ ಸೊಪ್ಪಿನ ಅಂಶಕ್ಕೆ, ಕೊಬ್ಬಿಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಇವನ್ನು ತಿಳಿನೀರಿನಲ್ಲಿ ಹುಡುಕಿದರೆ ಬಹಳ ಸಲ ಏನೂ ಸಿಗಲ್ಲ. ಬಾವಿ ತಳದ ಹೂಳು, ಬಸಿಗಾಲುವೆಯ ಕೆಸರು, ಕೆರೆ ಕೋಡಿಯ ಗೋಡು, ಅಲ್ಲಿ ನೋಡಬೇಕು. ಅಟ್ರಜಿನ್, ನೈಟ್ರೇಟ್ ಇವು ನೀರಿನ ಜೊತೆ ಓಡುವ ಜಾತಿ, ಅವಕ್ಕೆ ನೀರೇ ಸರಿ. ಇತ್ತೀಚೆಗೆ ಹೆಸರು ಕೇಳುತ್ತಿರುವ ಪಿಫಾಸ್, ಅಂದರೆ ನಾನ್‌ಸ್ಟಿಕ್ ತವಾ, ಬೆಂಕಿ ಆರಿಸುವ ನೊರೆ ಇವುಗಳಲ್ಲಿ ಬರುವ ಸಾವಿಲ್ಲದ ಕೆಮಿಕಲ್ಲುಗಳು, ಅವೂ ನೀರಿನಲ್ಲೇ. ಹಳ್ಳಿ ಮನೆಯ ಬಾವಿಗೆ ಮೊದಲ ಸುತ್ತಿನಲ್ಲೇ ಪಿಫಾಸ್ ಪರೀಕ್ಷೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದುಬಾರಿ, ಮತ್ತು ಕಾರಣ ಇಲ್ಲದೆ ಹುಡುಕಿದ ಹಾಗಾಗುತ್ತದೆ.

ನಾಟಿ ಕೋಳಿ ಸಾಕಿದ್ದರೆ ಅದರ ಮೊಟ್ಟೆಯೂ ಒಂದು ಮಾದರಿಯೇ. ಕೋಳಿ ದಿನವಿಡೀ ಮಣ್ಣು ಕೆದರಿ ಹೆಕ್ಕುತ್ತದೆ. ಮಣ್ಣಿನಲ್ಲಿದ್ದ ಕೊಬ್ಬಿಗಂಟುವ ವಿಷ ಹಳದಿ ಭಾಗದಲ್ಲಿ ಕೂಡಿಬೀಳುತ್ತದೆ. ಮಣ್ಣಿನಲ್ಲಿ ಕಷ್ಟಪಟ್ಟು ಕಾಣುವುದು ಮೊಟ್ಟೆಯಲ್ಲಿ ಸಲೀಸಾಗಿ ಕಾಣಬಹುದು.

ಬಾವಿ ನೀರಿನ ಮೇಲೆ ಎಣ್ಣೆ ಥರ ಬಣ್ಣದ ಪದರ ಕಂಡರೆ ಗಾಬರಿ ಬೀಳಬೇಡಿ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಕಬ್ಬಿಣದ ಬ್ಯಾಕ್ಟೀರಿಯಾ ಇಂಥ ಪದರ ಕಟ್ಟುತ್ತವೆ. ಒಂದು ಕಡ್ಡಿಯಲ್ಲಿ ಗೀರಿ ನೋಡಿ. ಒಡೆದ ಹೆಂಚಿನ ಥರ ತುಂಡು ತುಂಡಾಗಿ ಹಾಗೇ ನಿಂತರೆ ಬ್ಯಾಕ್ಟೀರಿಯಾ. ಮತ್ತೆ ಬಂದು ಕೂಡಿಕೊಂಡರೆ ಎಣ್ಣೆ. ಖರ್ಚಿಲ್ಲದ ಟೆಸ್ಟ್.

ಮಣ್ಣು ತೆಗೆಯುವುದು

ಮಣ್ಣು ತೆಗೆಯಲು ಮಳೆಗೆ ಮುಂಚೆ, ಏಪ್ರಿಲ್ ಮೇ ಒಳ್ಳೆಯದು. ಕೆಸರಾದ ಮೇಲೆ ಪದರ ಕಾಣಿಸಲ್ಲ. ಬೇಕಾಗುವುದು ಸ್ಟೀಲಿನ ಕರಣೆ, ಸ್ಟೀಲಿನ ತಟ್ಟೆ, ಗುದ್ದಲಿ, ಅಗಲ ಬಾಯಿಯ ಗಾಜಿನ ಜಾರು, ಮಾರ್ಕರ್ ಪೆನ್ನು. ಗುಂಡಿಯನ್ನು ಗುದ್ದಲಿಯಲ್ಲೇ ತೋಡಿ. ಆದರೆ ಮಾದರಿ ತೆಗೆಯುವಾಗ ಗುದ್ದಲಿ ತಾಗಿದ ಮೇಲ್ಮೈಯನ್ನು ಕರಣೆಯಿಂದ ಕೆರೆದು ಬಿಟ್ಟು, ಒಳಗಿನದನ್ನು ತೆಗೆಯಿರಿ. ತುಕ್ಕು ಹಿಡಿದ, ಬಣ್ಣ ಬಳಿದ ಸಲಕರಣೆ ಲೋಹದ ಪರೀಕ್ಷೆಯನ್ನು ಕೆಡಿಸುತ್ತದೆ.

ನಮ್ಮ ಕಡೆಯ ತೋಟಗಳಲ್ಲಿ ಬೇರೆ ಕಡೆ ಇಲ್ಲದ ಒಂದು ತೊಡಕಿದೆ. ನಾವು ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಹೊಸ ಕೆಂಪು ಮಣ್ಣು ಹಾಕಿಸುತ್ತೇವೆ, ಅಲ್ವಾ? ಹಾಗಾಗಿ ಅಪ್ಪ ಹಾಕಿದ ಬಿಎಚ್‌ಸಿ ಮೇಲೆ ಇರುವುದಿಲ್ಲ, ಎರಡು ಮೂರು ಪದರದ ಅಡಿಯಲ್ಲಿರುತ್ತದೆ. ಮಣ್ಣು ಪರೀಕ್ಷೆ ಅಂದ ತಕ್ಷಣ ಎಲ್ಲರೂ ಹೇಳುವ ಆರು ಇಂಚಿನ ಗುಂಡಿ ತೋಡಿದರೆ ನೀವು ಪರೀಕ್ಷೆ ಮಾಡಿಸುತ್ತಿರುವುದು ಮೊನ್ನೆ ಟಿಪ್ಪರಿನಲ್ಲಿ ಬಂದ ಗುಡ್ಡದ ಮಣ್ಣನ್ನು.

ನಾನು ಮಾಡಿದ್ದು ಹೀಗೆ. ಎರಡು ಮರದ ನಡುವೆ, ಬುಡದಿಂದ ಎರಡು ಅಡಿ ಬಿಟ್ಟು, ಮೊಣಕಾಲುದ್ದದ ಗುಂಡಿ ತೋಡಿಸಿದೆ. ಒಂದು ಬದಿಯನ್ನು ಕರಣೆಯಿಂದ ನೇರವಾಗಿ ಕೆರೆದೆ. ಪದರಗಳು ಎದ್ದು ಕಂಡವು. ಮೇಲೆ ಒಂದು ಗೇಣು ಕೆಂಪು. ಅದರ ಕೆಳಗೆ ನಾಲ್ಕು ಬೆರಳು ಕಪ್ಪು, ಕೊಳೆತ ದರಕು ಸೊಪ್ಪಿನದು, ಕೈಯಲ್ಲಿ ಹಿಡಿದರೆ ಪುಡಿ ಪುಡಿ, ತುಂಬ ಬೇರು. ಅದರ ಕೆಳಗೆ ಮತ್ತೆ ಮಾಸಲು ಕೆಂಪು, ಆಮೇಲೆ ಇನ್ನೊಂದು ತೆಳು ಕಪ್ಪು ಗೆರೆ. ಮೇಲಿನ ಕಪ್ಪು ಪದರ ಎಷ್ಟು ಹಳೆಯದು ಅಂತ ಅಮ್ಮನನ್ನು ಕೇಳಿದರೆ ಸಾಕಿತ್ತು. ತಂಗಿ ಮದುವೆಗೆ ಮೊದಲಿನ ವರ್ಷ ಮಣ್ಣು ಹಾಕಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಪ್ರತಿ ಪದರವನ್ನೂ ಬೇರೆ ಬೇರೆ ಜಾರಿಗೆ ತುಂಬಿದೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೇಲಿನಿಂದ ತೆಗೆದರೆ ಉದುರಿದ ಮಣ್ಣು ಕೆಳಗಿನದಕ್ಕೆ ಬೆರೆಯುತ್ತದೆ.

ತೋಟದ ಒಟ್ಟು ಸ್ಥಿತಿ ತಿಳಿಯಬೇಕಾದರೆ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ ಇದೇ ಪದರದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ. ತಟ್ಟೆಯಲ್ಲಿ ದುಂಡಗೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯಿರಿ. ಉಳಿದಿದ್ದನ್ನು ಮತ್ತೆ ಬೆರೆಸಿ ಮತ್ತೆ ಹಾಗೇ ಮಾಡಿ. ಅರ್ಧ ಕೆಜಿ ಉಳಿದಾಗ ನಿಲ್ಲಿಸಿ. ಈ ಕೆಲಸವನ್ನು ಅಡಿಕೆ ಹಾಳೆ ಮೇಲೆ ಮಾಡಬೇಡಿ. ಹಾಳೆ ಮೇಲೆ ವರ್ಷದ ಬೋರ್ಡೋ ಕೂತಿರುತ್ತದೆ. ಗೊಬ್ಬರದ ಚೀಲವೂ ಬೇಡ.

ಡ್ರಮ್ ಇಟ್ಟ ಜಾಗ, ಡಬ್ಬಿ ತೊಳೆದ ಜಾಗ, ಹಳೆಯ ಪುಡಿ ಚೆಲ್ಲಿದ ಉಗ್ರಾಣದ ಮೂಲೆ, ಇವುಗಳ ಮಣ್ಣನ್ನು ಮಾತ್ರ ತೋಟದ ಮಣ್ಣಿಗೆ ಬೆರೆಸಲೇಬೇಡಿ. ಒಂದು ಚಮಚ ಉಪ್ಪನ್ನು ಹಂಡೆ ನೀರಿಗೆ ಹಾಕಿ ರುಚಿ ನೋಡಿದ ಹಾಗಾಗುತ್ತದೆ. ಅದಕ್ಕೆ ಬೇರೆ ಜಾರು, ಬೇರೆ ನಂಬರು.

ಇನ್ನೊಂದು ಜಾರು ಬೇಕೇ ಬೇಕು. ಅದು ಯಾರೂ ಏನೂ ಹೊಡೆಯದ ಜಾಗದ ಮಣ್ಣು. ನಮ್ಮ ಪುಣ್ಯಕ್ಕೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಇದೆ, ಕಾನು ಅನ್ನುವ ದಟ್ಟ ಕಾಡು ಇದೆ. ದಾರಿಯಿಂದ, ತೋಟದಿಂದ ದೂರ ಹೋಗಿ, ಎಲೆ ಸರಿಸಿ, ಅದೇ ಆಳದಿಂದ ತನ್ನಿ. ಕುಡಿಯುವ ನೀರಿಗಿರುವ ಹಾಗೆ ತೋಟದ ಮಣ್ಣಿನ ಕೀಟನಾಶಕಕ್ಕೆ ಇಷ್ಟೇ ಇರಬೇಕು ಅನ್ನುವ ಕೈಗೆಟುಕುವ ಪಟ್ಟಿ ನಮ್ಮಲ್ಲಿಲ್ಲ. ವರದಿಯ ಅಂಕಿಯನ್ನು ಹೋಲಿಸಿ ನೋಡುವುದಕ್ಕೆ ಬೆಟ್ಟದ ಮಣ್ಣೇ ಆಧಾರ.

ಗೊಬ್ಬರದ ಲೆಕ್ಕಕ್ಕೆ ಮಣ್ಣು ಕಳಿಸುವಾಗ ನೆರಳಲ್ಲಿ ಒಣಗಿಸುತ್ತೇವೆ. ಕೀಟನಾಶಕದ ಪರೀಕ್ಷೆಗೆ ಒಣಗಿಸಬೇಡಿ. ಹಸಿಯಾಗಿಯೇ ಜಾರಿಗೆ ಹಾಕಿ, ಮುಚ್ಚಳದ ಒಳಗೆ ಅಲ್ಯೂಮಿನಿಯಂ ಫಾಯಿಲ್ ಇಟ್ಟು ಮುಚ್ಚಿ, ಫ್ರಿಜ್ಜಿನಲ್ಲಿಡಿ. ಹದಿನಾಲ್ಕು ದಿನದೊಳಗೆ ಲ್ಯಾಬಿನವರು ಅದರಿಂದ ಸಾರ ತೆಗೆದಿರಬೇಕು, ಅಂದರೆ ಮಣ್ಣಿನಿಂದ ಕೀಟನಾಶಕವನ್ನು ಬೇರೆ ಮಾಡಿರಬೇಕು. ತಾಮ್ರ, ಸೀಸದಂಥ ಲೋಹಕ್ಕಾದರೆ ಹೊಸ ಪ್ಲಾಸ್ಟಿಕ್ ಕವರ್ ಸಾಕು. ಅವಸರವೂ ಇಲ್ಲ.

ನೀರು ತುಂಬುವುದು

ನೀರಿಗೆ ಎರಡು ಕಾಲ. ಒಂದು, ಬಾವಿ ತಳ ಕಾಣುವ ಏಪ್ರಿಲ್ ಮೇ. ಇನ್ನೊಂದು, ಮೃಗಶಿರ ಮಳೆ ಹಿಡಿದು ಮೊದಲ ಸಲ ತೋಟದಿಂದ ಕೆಂಪು ನೀರು ಹರಿದ ಒಂದೆರಡು ದಿನದೊಳಗೆ. ವರ್ಷವಿಡೀ ಮೇಲೆ ಕೂತಿದ್ದೆಲ್ಲ ಆಗ ತೊಳೆದು ಬರುತ್ತದೆ. ಪುಷ್ಯ, ಆಶ್ಲೇಷದ ಹೊತ್ತಿಗೆ ಹಳ್ಳ ತುಂಬಿ, ನೀರು ನೀರೇ ಆಗಿರುತ್ತದೆ. ಆಗ ತೆಗೆದ ಮಾದರಿ ಎಲ್ಲವನ್ನೂ ತೆಳು ಮಾಡಿ ತೋರಿಸುತ್ತದೆ.

ಕೀಟನಾಶಕಕ್ಕೆ ಒಂದು ಲೀಟರಿನ ಕಂದು ಗಾಜಿನ ಬಾಟಲಿ. ಲ್ಯಾಬಿನವರನ್ನೇ ಕೇಳಿ, ಒಳ್ಳೆಯ ಲ್ಯಾಬು ತೊಳೆದ ಬಾಟಲಿ ಕೊಡುತ್ತದೆ. ಅದನ್ನು ಮತ್ತೆ ತೊಳೆಯಬೇಡಿ. ನಾವು ಅಭ್ಯಾಸಬಲದಿಂದ ಅದೇ ನೀರಿನಲ್ಲಿ ಎರಡು ಸಲ ಕುಲುಕಿ ಚೆಲ್ಲುತ್ತೇವಲ್ಲ, ಅದನ್ನೂ ಮಾಡಬೇಡಿ. ಕುಲುಕಿದಾಗ ಗಾಜಿಗೆ ಅಂಟಿದ್ದು ಅಲ್ಲೇ ಉಳಿದು, ಆಮೇಲೆ ತುಂಬಿದ ನೀರಿನದಕ್ಕೆ ಸೇರಿ, ಲೆಕ್ಕ ಜಾಸ್ತಿ ಬರುತ್ತದೆ. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ. ಅದರ ತಳದಲ್ಲಿ ಲ್ಯಾಬಿನವರು ಸ್ವಲ್ಪ ನೈಟ್ರಿಕ್ ಆ್ಯಸಿಡ್ ಹಾಕಿ ಕೊಟ್ಟಿರುತ್ತಾರೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಚೆಲ್ಲಬೇಡಿ. ಪಿಫಾಸಿಗೂ ಪ್ಲಾಸ್ಟಿಕ್ಕೇ, ಆದರೆ ಮುಚ್ಚಳದ ಒಳಗೆ ಟೆಫ್ಲಾನ್ ಇರಬಾರದು. ನಲ್ಲಿಗೆ ಸುತ್ತಿದ ಬಿಳಿ ಟೇಪು ಸಹ ಟೆಫ್ಲಾನೇ.

ತೆರೆದ ಬಾವಿಯಾದರೆ ದಿನಾ ಸೇದುವ ಪ್ಲಾಸ್ಟಿಕ್ ಕೊಡ ಬಿಟ್ಟು ಸ್ಟೀಲಿನ ತಂಬಿಗೆ ಅಥವಾ ಬಕೆಟ್ ಇಳಿಸಿ. ಮೇಲೆ ತೇಲುವ ಕಸ ಬರದ ಹಾಗೆ ಒಂದಡಿ ಮುಳುಗಿಸಿ ತುಂಬಿ. ಬೋರ್‌ವೆಲ್ಲಾದರೆ ಪಂಪು ಹತ್ತು ಹದಿನೈದು ನಿಮಿಷ ಓಡಿಸಿ, ಪೈಪಿನೊಳಗಿನ ಹಳೆಯ ನೀರು ಹೋಗಲಿ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬರುತ್ತಿದ್ದರೆ ಎರಡು ಬಾಟಲಿ ತೆಗೆಯಿರಿ. ಒಂದು ಅಬ್ಬಿ ಬಾಯಿಯಲ್ಲಿ, ಇನ್ನೊಂದು ಮನೆ ಹತ್ತಿರ. ಮಧ್ಯೆ ಯಾರದ್ದೋ ತೋಟ ದಾಟಿ ಬರುತ್ತದಲ್ಲ. ಮಾಡಿನ ಮೇಲಿನ ಟ್ಯಾಂಕಿನಿಂದ ಮಾತ್ರ ತೆಗೆಯಬೇಡಿ. ಪಂಚಾಯ್ತಿ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಹಾಗಂತ ಲ್ಯಾಬಿಗೆ ಮೊದಲೇ ತಿಳಿಸಿ. ಅದನ್ನು ಕಳೆಯುವ ಪುಡಿ ಹಾಕಿದ ಬಾಟಲಿ ಕೊಡುತ್ತಾರೆ.

ಕೈ ತೊಳೆದುಕೊಂಡು, ಹೊಸ ಗ್ಲೌಸ್ ಹಾಕಿಕೊಂಡು ಕೆಲಸ ಮಾಡಿ. ಇಂಬಳ, ಅಂದರೆ ಜಿಗಣೆ, ಹತ್ತದಿರಲಿ ಅಂತ ಕಾಲಿಗೆ ಹಚ್ಚಿಕೊಂಡ ಎಣ್ಣೆ, ನಶ್ಯ, ಸೊಳ್ಳೆ ಕ್ರೀಮು ಎಲ್ಲ ಕೈಯಲ್ಲಿರುತ್ತದೆ. ಲ್ಯಾಬಿನ ಯಂತ್ರ ಲೀಟರಿಗೆ ಮೈಕ್ರೋಗ್ರಾಮಿನ ಚೂರನ್ನು ಹುಡುಕುವಂಥದ್ದು. ನಿಮ್ಮ ಬೆರಳಿನದೇ ಸಾಕು ಅದಕ್ಕೆ.

ತುಂಬಿದ ತಕ್ಷಣ ಐಸ್‌ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಗೆ. ಮೀನು ಬಂದ ಡಬ್ಬಿ ಬೇಡ, ಹೊಸದು ತನ್ನಿ. ಫ್ರೀಜರಿನಲ್ಲಿ ಇಡಬೇಡಿ, ಗಾಜು ಸೀಳುತ್ತದೆ. ನಾಲ್ಕು ಡಿಗ್ರಿ ಹತ್ತಿರ ಇದ್ದರೆ ಸಾಕು. ಕೀಟನಾಶಕದ ನೀರಿಗೆ ಏಳು ದಿನದ ಗಡುವು, ಅಷ್ಟರೊಳಗೆ ಲ್ಯಾಬಿನವರು ಸಾರ ತೆಗೆಯಬೇಕು. ಹಾಗಾಗಿ ಸೋಮವಾರ ಸಂಜೆ ತುಂಬಿ. ರಾತ್ರಿ ಬಸ್ಸಿಗೋ ರೈಲಿಗೋ ಹತ್ತಿ ನೀವೇ ಬೆಂಗಳೂರಿಗೆ ಒಯ್ದರೆ ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿರುತ್ತೀರಿ. ಶುಕ್ರವಾರ ಕಳಿಸಿದ್ದು ಶನಿವಾರ, ಭಾನುವಾರ ಯಾರದ್ದೋ ಗೋಡೌನಿನಲ್ಲಿ ಬೇಯುತ್ತದೆ.

ಇನ್ನೊಂದು ಸಣ್ಣ ಕಿತಾಪತಿ ಕಲಿತಿದ್ದೇನೆ. ಒಂದೇ ಬಾವಿಯ ನೀರನ್ನು ಎರಡು ಬಾಟಲಿಗೆ ತುಂಬಿ, ಬೇರೆ ಬೇರೆ ನಂಬರು ಹಾಕಿ ಕಳಿಸುವುದು. ಎರಡಕ್ಕೂ ಹತ್ತಿರದ ಅಂಕಿ ಬಂದರೆ ಲ್ಯಾಬನ್ನು ನಂಬಬಹುದು. ಖರ್ಚು ಜಾಸ್ತಿ, ಹೌದು. ಊರಿನವರು ನಾಲ್ಕು ಮನೆ ಸೇರಿ ಕಳಿಸುವಾಗಲಾದರೂ ಮಾಡಿ.

ಯಾವ ಲ್ಯಾಬು

ಪಂಚಾಯ್ತಿಯಲ್ಲಿ ನೀರು ಪರೀಕ್ಷೆ ಮಾಡುವ ಜಲಜೀವನ್ ಕಿಟ್ ಇರುತ್ತದೆ. ಗಡಸು, ಕ್ಲೋರೈಡ್, ಫ್ಲೋರೈಡ್, ಕಬ್ಬಿಣ, ನೈಟ್ರೇಟ್ ಇಂಥವಕ್ಕೆ ಅದು ಚೆನ್ನಾಗಿದೆ, ಮೊದಲು ಅದನ್ನು ಮಾಡಿಸಿ. ಆದರೆ ಕೀಟನಾಶಕ ಅದರಲ್ಲಿ ಬರಲ್ಲ. ಮಣ್ಣು ಆರೋಗ್ಯ ಚೀಟಿಯೂ ಹಾಗೆಯೇ. ಅದರ 12 ಅಂಶಗಳಲ್ಲಿ ತಾಮ್ರ ಇದೆ ನಿಜ, ಆದರೆ ಅದು ಗಿಡಕ್ಕೆ ಸಿಗುವ ತಾಮ್ರ ಕಡಿಮೆ ಇದೆಯಾ ಅಂತ ನೋಡುವ ಲೆಕ್ಕ. ನೂರು ವರ್ಷದ ಬೋರ್ಡೋ ಬಿದ್ದ ತೋಟಕ್ಕೂ 'ಸಾಕಷ್ಟಿದೆ' ಅಂತಲೇ ಬರುತ್ತದೆ. ನಮಗೆ ಬೇಕಿರುವುದು ಒಟ್ಟು ತಾಮ್ರ, ಮಣ್ಣನ್ನು ಆ್ಯಸಿಡ್‌ನಲ್ಲಿ ಬೇಯಿಸಿ ಅಳೆಯುವಂಥದ್ದು. 'ಟೋಟಲ್ ಕಾಪರ್' ಅಂತ ಬಾಯಿಬಿಟ್ಟು ಕೇಳಿ.

ಶಿವಮೊಗ್ಗದವರು ವಿಚಾರಿಸಲು ಮೊದಲು ಹೋಗಬೇಕಾದ್ದು ಕೃಷಿ ವಿಜ್ಞಾನ ಕೇಂದ್ರಕ್ಕೆ, ಇಲ್ಲವೇ ನವಿಲೆಯಲ್ಲಿ, ಇರುವಕ್ಕಿಯಲ್ಲಿ ಇರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ. ಕೀಟನಾಶಕದ ಉಳಿಕೆಗೆಂದೇ ಇರುವ ಪ್ರಯೋಗಾಲಯಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಇವೆ. ಬೆಂಗಳೂರಿನಲ್ಲಿ ಖಾಸಗಿಯವರೂ ಇದ್ದಾರೆ.

ಯಾರೇ ಆಗಲಿ, ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ. ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇದೆಯಾ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಗೋಡೆ ಮೇಲೆ ಸರ್ಟಿಫಿಕೇಟ್ ಎಲ್ಲರದ್ದೂ ಇರುತ್ತದೆ. ಆ ಮಾನ್ಯತೆಯ ಪಟ್ಟಿಯಲ್ಲಿ ನಿಮ್ಮ ಕೆಮಿಕಲ್ಲು, ಅದೂ ನಿಮ್ಮ ಮಾದರಿಯಲ್ಲಿ, ಇದೆಯಾ? ನೀರಿನಲ್ಲಿ ಎಂಡೋಸಲ್ಫಾನ್ ಅಳೆಯಲು ಮಾನ್ಯತೆ ಇದ್ದವರಿಗೆ ಮಣ್ಣಿನಲ್ಲಿ ಅಳೆಯಲು ಇರಬೇಕೆಂದಿಲ್ಲ. ಯಾವ ಯಂತ್ರ ಅಂತಲೂ ಕೇಳಿ. ಹಳೆಯ ಕ್ಲೋರಿನ್ ಕೀಟನಾಶಕಕ್ಕೆ ಜಿಸಿ-ಎಂಎಸ್, ಅಟ್ರಜಿನ್ ಥರದವಕ್ಕೆ ಎಲ್‌ಸಿ-ಎಂಎಸ್, ಲೋಹಕ್ಕೆ ಐಸಿಪಿ-ಎಂಎಸ್ ಅಂದರೆ ಸರಿ. ರಿಕವರಿ ಎಷ್ಟು ಬರುತ್ತದೆ ಅಂತ ಕೇಳಿ. ಲ್ಯಾಬಿನವರು ತಾವೇ ಗೊತ್ತಿರುವಷ್ಟು ವಿಷ ಬೆರೆಸಿ, ಅದರಲ್ಲಿ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡುವ ಲೆಕ್ಕ ಅದು. ನೂರಕ್ಕೆ 70ರಿಂದ 120ರೊಳಗೆ ಇದ್ದರೆ ಒಪ್ಪುತ್ತಾರೆ.

ಕೊನೆಗೆ ಎಲ್‌ಒಕ್ಯೂ ಎಷ್ಟು ಅಂತ ಕೇಳಿ. ಈ ಮೂರಕ್ಷರವನ್ನು ಕೈಮೇಲೆ ಹಚ್ಚೆ ಹಾಕಿಸಿಕೊಂಡರೂ ತಪ್ಪಿಲ್ಲ. ಲ್ಯಾಬು ಭರವಸೆಯಿಂದ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣ ಅದು. ಕುಡಿಯುವ ನೀರಿನಲ್ಲಿ ಆಲ್ಡ್ರಿನ್ ಮತ್ತು ಡೈಎಲ್ಡ್ರಿನ್‌ಗೆ ಮಿತಿ ಲೀಟರಿಗೆ 0.03 ಮೈಕ್ರೋಗ್ರಾಂ. ಲ್ಯಾಬಿನ ಎಲ್‌ಒಕ್ಯೂ 0.1 ಇದ್ದರೆ? ನಿಮ್ಮ ಬಾವಿಯಲ್ಲಿ ಮಿತಿಯ ಎರಡು ಪಟ್ಟು ಇದ್ದರೂ ಅವರ ಯಂತ್ರಕ್ಕೆ ಕಾಣಲ್ಲ, ಕಾಗದದಲ್ಲಿ 'ಪತ್ತೆಯಾಗಿಲ್ಲ' ಅಂತ ಬರುತ್ತದೆ. ನನ್ನ ಮೊದಲ ವರದಿ ಮತ್ತೆ ತೆಗೆದು ನೋಡಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಇದೇ ಇತ್ತು.

ವರದಿ ಓದುವುದು

ಮೊದಲು ಅಳತೆ ನೋಡಿ. ಮಿಲಿಗ್ರಾಮೋ ಮೈಕ್ರೋಗ್ರಾಮೋ? ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ. ಒಬ್ಬರು ಇದನ್ನು ತಿರುವುಮುರುವು ಓದಿ ವಾರವಿಡೀ ಊಟ ಬಿಟ್ಟಿದ್ದನ್ನು ನೋಡಿದ್ದೇನೆ.

ನೀರಿಗೆ ಹೋಲಿಸಬೇಕಾದ ಪಟ್ಟಿ ಐಎಸ್ 10500, 2012ರದ್ದು. ಅದರಲ್ಲಿ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಡಿಡಿಟಿ ಬಳಗಕ್ಕೆ 1, ಎಂಡೋಸಲ್ಫಾನ್ 0.4, ಲಿಂಡೇನ್ (ಬಿಎಚ್‌ಸಿಯ ಗಾಮಾ ರೂಪ) 2, ಅಟ್ರಜಿನ್ 2, ಫೋರೇಟ್ 2, ಮೊನೊಕ್ರೊಟೊಫಾಸ್ 1, ಕ್ಲೋರ್‌ಪೈರಿಫಾಸ್ 30, ಪಿಸಿಬಿ 0.5. ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪಿಫಾಸಿಗೆ 2012ರ ಆ ಪಟ್ಟಿಯಲ್ಲಿ ಸಾಲೇ ಇಲ್ಲ.

ವರದಿಯಲ್ಲಿ ಅಂಕಿಗಿಂತ ಹೆಚ್ಚು ಕಥೆ ಹೇಳುವುದು ಜೋಡಿಗಳು. ಡಿಡಿಟಿಗಿಂತ ಡಿಡಿಇ ಜಾಸ್ತಿ ಇದ್ದರೆ ಅದು ಹಳೆಯ ಕಾಲದ್ದು, ಒಡೆಯುತ್ತಾ ಬಂದಿದೆ. ಡಿಡಿಟಿಯೇ ಜಾಸ್ತಿ ಇದ್ದರೆ ಇತ್ತೀಚೆಗೆ ಯಾರೋ ಹಾಕಿರಬಹುದು. ಬಿಎಚ್‌ಸಿಯಲ್ಲಿ ಬೀಟಾ ರೂಪ ಮೇಲುಗೈ ಆಗಿದ್ದರೆ ಹಳೆಯದು, ಅದು ಎಲ್ಲಕ್ಕಿಂತ ಹಟಮಾರಿ. ಎಂಡೋಸಲ್ಫಾನ್‌ಗಿಂತ ಅದರ ಸಲ್ಫೇಟ್ ಜಾಸ್ತಿ ಇದ್ದರೂ ಹಾಗೆಯೇ. ನಮ್ಮ ಹಲಸಿನ ಮರದ ಬುಡದ ಮಣ್ಣಿನಲ್ಲಿ ಸಿಕ್ಕಿದ್ದು ಡಿಡಿಇ. ಬಾವಿ ತಳದ ಹೂಳಿನಲ್ಲೂ ಇತ್ತು. ನೀರಿನಲ್ಲಿ ಇರಲಿಲ್ಲ, ಈ ಸಲ ಎಲ್‌ಒಕ್ಯೂ ನೋಡಿಯೇ ಹೇಳುತ್ತಿದ್ದೇನೆ. ತೋಟದ ಕಪ್ಪು ಪದರದಲ್ಲಿ ತಾಮ್ರ ಸೊಪ್ಪಿನಬೆಟ್ಟದ್ದಕ್ಕಿಂತ ಎಷ್ಟೋ ಪಟ್ಟು.

ಅಂಕಿ ಬಂತು ಅಂತ ಕಾಯಿಲೆಗೆ ಗಂಟು ಹಾಕುವ ಮುಂಚೆ ಹಂದಿಗೋಡನ್ನು ನೆನಪಿಸಿಕೊಳ್ಳಿ. ಸಾಗರ ತಾಲೂಕಿನ ಆ ಊರಿನಲ್ಲಿ 1970ರ ದಶಕದಲ್ಲಿ ಕೀಲು, ಸೊಂಟ ಹಿಡಿದು ಜನ ನಡೆಯಲಾರದೆ ಹೋದಾಗ ಮೊದಲು ಅನುಮಾನ ಬಿದ್ದಿದ್ದು ಗದ್ದೆಯ ಏಡಿಯ ಮೇಲೆ, ಏಡಿಯೊಳಗಿನ ಕೀಟನಾಶಕದ ಮೇಲೆ. ಆಮೇಲಿನ ಅಧ್ಯಯನಗಳು ವಂಶದಲ್ಲಿ ಹರಿದುಬರುವ ಕಾಯಿಲೆ ಅನ್ನುವ ಕಡೆ ತಿರುಗಿದವು. ಮಣ್ಣಿನ ವರದಿ ಮಣ್ಣಿನ ಬಗ್ಗೆ ಹೇಳುತ್ತದೆ, ಮೈಯ ಬಗ್ಗೆ ವೈದ್ಯರನ್ನು ಕೇಳಬೇಕು.

ಜಾಸ್ತಿ ಬಂದರೆ

ಮೊದಲು ಇನ್ನೊಂದು ಸಲ ಪರೀಕ್ಷೆ. ಒಂದೇ ಬಾಟಲಿ ನೋಡಿ ಬಾವಿ ಮುಚ್ಚಬೇಡಿ. ಆದರೆ ಎರಡನೇ ವರದಿ ಬರುವ ತನಕ ಕುಡಿಯಲು, ಅಡಿಗೆಗೆ ಬೇರೆ ನೀರು ತನ್ನಿ. ಕುದಿಸಿದರೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೋಗಲ್ಲ. ನೀರು ಆವಿಯಾಗಿ ಉಳಿದಿದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಇದ್ದಿಲಿನ ಫಿಲ್ಟರ್ ಬಹಳಷ್ಟು ಕೀಟನಾಶಕ ಹಿಡಿಯುತ್ತದೆ, ಸಮಯಕ್ಕೆ ಸರಿಯಾಗಿ ಬದಲಿಸಿದರೆ.

ಮಣ್ಣಿನಲ್ಲಿ ಸಿಕ್ಕಿದ್ದರೆ ಆ ಜಾಗದಲ್ಲಿ ಗೆಡ್ಡೆ, ಸೌತೆ, ಕುಂಬಳ ಹಾಕಬೇಡಿ. ಕುಂಬಳದ ಜಾತಿಯ ಬಳ್ಳಿಗಳು ಹಳೆಯ ಕ್ಲೋರಿನ್ ವಿಷವನ್ನು ಬೇರಿನಿಂದ ಮೇಲಕ್ಕೆಳೆಯುವುದರಲ್ಲಿ ಗಟ್ಟಿ. ಹಸು ಕಟ್ಟಬೇಡಿ, ಕೋಳಿ ಬಿಡಬೇಡಿ. ಹಾಲಿಗೂ ಮೊಟ್ಟೆಗೂ ಬರುತ್ತದೆ. ಬಾವಿಯ ಹೂಳೆತ್ತಿದರೆ ಅದನ್ನು ತರಕಾರಿ ಮಡಿಗೆ ಗೊಬ್ಬರ ಅಂತ ಹಾಕಬೇಡಿ. ನಾವು ಹಲಸಿನ ಮರದ ಸುತ್ತ ಬೇಲಿ ಹಾಕಿ ಹುಲ್ಲು ಬೆಳೆಯಲು ಬಿಟ್ಟಿದ್ದೇವೆ, ಮಣ್ಣು ತೊಳೆದು ಬಾವಿ ಕಡೆ ಬರದ ಹಾಗೆ ಒಂದು ಕಟ್ಟೆ ಕಟ್ಟಿಸಿದ್ದೇವೆ. ಅಟ್ಟದ ಮೇಲೆ ಹಳೆಯ ಪುಡಿಯ ಡಬ್ಬಿ ಸಿಕ್ಕರೆ ಸುಡಬೇಡಿ, ಹೂಳಬೇಡಿ. ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ, ಅದು ಡಬ್ಬಿಯೊಳಗಿದ್ದ ಪುಡಿಗಿಂತ ಕೆಟ್ಟದ್ದು. ರೈತ ಸಂಪರ್ಕ ಕೇಂದ್ರಕ್ಕೋ ಶಿವಮೊಗ್ಗದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೋ ತಿಳಿಸಿ.

ಪಕ್ಕದ ಕಾರ್ಖಾನೆಯೋ ಗೋಡೌನೋ ಕಾರಣ ಅಂತ ಅನುಮಾನ ಇದ್ದರೆ ನೀವು ತುಂಬಿದ ಬಾಟಲಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿಯೇ ಬಂದು, ನೋಟಿಸ್ ಕೊಟ್ಟು, ಮಾದರಿ ತೆಗೆದು, ಎರಡು ಪಾಲು ಮಾಡಿ, ಸೀಲು ಹಾಕಿ ಸಹಿ ಮಾಡಿಸಬೇಕು. ನಿಮ್ಮ ವರದಿಯನ್ನು ದೂರಿನ ಜೊತೆ ಲಗತ್ತಿಸಿ, ಬಂದು ಮಾದರಿ ತೆಗೆಯಿರಿ ಅಂತ ಬರೆದುಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಏಳಬೇಡಿ.

ಎಲ್ಲ ವರದಿಗೂ ಒಂದು ಫೈಲು ಮಾಡಿ. ಬಾಟಲಿ ನಂಬರು, ತೆಗೆದ ಜಾಗ, ಆಳ, ದಿನ, ಹಿಂದಿನ ದಿನ ಮಳೆ ಬಂದಿತ್ತಾ, ಯಾರ ತೋಟದಲ್ಲಿ ಆ ವಾರ ಔಷಧಿ ಹೊಡೆದರು, ಎಲ್ಲ ಬರೆದಿಡಿ. ನಮ್ಮ ಫೈಲಿನ ಮೊದಲ ಹಾಳೆ ಆ ಕೂಲ್‌ಡ್ರಿಂಕ್ಸ್ ಬಾಟಲಿಯ ವರದಿಯೇ. ಅದರ ಮೇಲೆ ಅಮ್ಮ ಕೆಂಪು ಪೆನ್ನಿನಲ್ಲಿ 'ಲೆಕ್ಕಕ್ಕಿಲ್ಲ' ಅಂತ ಬರೆದಿದ್ದಾರೆ.